ವೈಡ್ ರಿಸೀವರ್ ಆರಿಸುವಾಗ ಮೊದಲು ಏನು ನೋಡಬೇಕು: ಓಟವೋ, ಕೈಯೋ, ಎತ್ತರವೋ?

ಆಗಸ್ಟ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಎಷ್ಟೋ ಜನ ಅಮೆರಿಕನ್ ಫುಟ್‌ಬಾಲ್‌ನ ಆಫೀಸಿನ ಫ್ಯಾಂಟಸಿ ಲೀಗ್ ಸೇರಿರುತ್ತಾರೆ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ತಮ್ಮದೇ ತಂಡ ಕಟ್ಟಿ, ಅವರ ಆಟಕ್ಕೆ ಪಾಯಿಂಟ್ ಎಣಿಸುವ ಪೈಪೋಟಿ. ಆಟಗಾರರನ್ನು ಆರಿಸುವ ದಿನ ಹತ್ತಿರ ಬಂದಿರುತ್ತದೆ. "ಇವನು ಗಾಳಿ ಹಾಗೆ ಓಡ್ತಾನೆ, ಅವನು ಸ್ವಲ್ಪ ನಿಧಾನ, ಆದ್ರೆ ಚೆಂಡು ಬಿಡಲ್ಲ. ಯಾರನ್ನ ತಗೊಳ್ಳಲಿ?" ಅಂತ ಒಬ್ಬರು. "ಮಗಳು ಫ್ಲಾಗ್ ಫುಟ್‌ಬಾಲ್ ಸೇರಿದ್ದಾಳೆ, ರಿಸೀವರ್ ಆಗ್ಬೇಕಂತೆ, ಏನು ಅಭ್ಯಾಸ ಮಾಡಿಸಲಿ?" ಅಂತ ಇನ್ನೊಬ್ಬರು. ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜಿನ ಆಟಗಾರರನ್ನು ಆರಿಸುವುದನ್ನು, ನೋಡುತ್ತಾ ಕೂತವರದ್ದು ಮೂರನೆಯ ಪ್ರಶ್ನೆ: "ನಮ್ಮ ಟೀಮಿನವರು ಅವನನ್ನ ಬಿಟ್ಟು ಇವನನ್ನ ಯಾಕೆ ತಗೊಂಡ್ರು?"

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಅಳೆಯುವ ಕೋಲು ಒಂದೇ. ಮೊದಲು ಅದನ್ನು ಹಿಡಿದುಕೊಳ್ಳೋಣ, ಆಮೇಲೆ ಯಾರಿಗೆ ಯಾವ ತರಹದ ರಿಸೀವರ್ ಅನ್ನುವುದಕ್ಕೆ ಬರೋಣ.

ಆಟ ಹೊಸದಾಗಿದ್ದವರಿಗೆ ಎರಡು ಮಾತು. ವೈಡ್ ರಿಸೀವರ್ ಮೈದಾನದ ಅಂಚಿನ ಕಡೆ ನಿಲ್ಲುತ್ತಾನೆ. ಆಟ ಶುರುವಾದ ಕೂಡಲೇ ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡುತ್ತಾನೆ. ಆ ದಾರಿಗೆ ರೂಟ್ ಅನ್ನುತ್ತಾರೆ. ಎದುರು ತಂಡದ ಕಾರ್ನರ್‌ಬ್ಯಾಕ್ ಅವನಿಗೆ ಅಂಟಿಕೊಂಡೇ ಇರುತ್ತಾನೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಅದು ಇರುವುದು ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡ್. ರಿಸೀವರ್‌ನ ಎಲ್ಲ ಕೆಲಸವೂ ಅಷ್ಟರೊಳಗೆ ಮುಗಿಯಬೇಕು.

ಮೊದಲ ಅಳತೆ: ಬಿಡಿಸಿಕೊಳ್ಳುವುದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಂಚೆ. ಕಾವಲಿಗಿರುವವನಿಂದ ಬಿಡಿಸಿಕೊಳ್ಳಲು ಬಾರದವನ ಕಡೆ ಚೆಂಡೇ ಬರುವುದಿಲ್ಲ. ಚೆಂಡೇ ಬರದಿದ್ದರೆ ಕೈ ಎಷ್ಟು ಗಟ್ಟಿ ಇದ್ದರೇನು, ಕಾಲು ಎಷ್ಟು ಚುರುಕಿದ್ದರೇನು?

ಟೆಕ್ಸಾಸ್‌ನಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಪಂದ್ಯ ಅಂದರೆ ಊರ ಜಾತ್ರೆ ಇದ್ದ ಹಾಗೆ. ಪಕ್ಕದ ಮನೆಯ ಹುಡುಗ ಆಡುತ್ತಾನೆಂದು ಒಮ್ಮೆ ಹೋಗಿದ್ದೆ. ಬೇಲಿಯ ಪಕ್ಕದಲ್ಲೇ ನಿಂತಿದ್ದರಿಂದ ಅವನ ಶೂ ಹುಲ್ಲಿಗೆ ಉಜ್ಜುವ ಸದ್ದೂ ಕೇಳುತ್ತಿತ್ತು. ಕಾರ್ನರ್‌ಬ್ಯಾಕ್ ಅವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ. ಆಟ ಶುರುವಾದ ಕ್ಷಣ ನಮ್ಮ ಹುಡುಗ ಮುಂದಕ್ಕೆ ಓಡಲೇ ಇಲ್ಲ. ಬಲಗಾಲನ್ನು ಒಂದು ಗೇಣು ಹೊರಗಿಟ್ಟ, ಭುಜವನ್ನೂ ಅದೇ ಕಡೆ ವಾಲಿಸಿದ. ಎದುರಿನವನ ಸೊಂಟ ಆ ಕಡೆ ತಿರುಗಿತು. ಅಷ್ಟೇ ಬೇಕಿತ್ತು. ಎಡಗೈಯಿಂದ ಅವನ ಕೈ ತಟ್ಟಿ ಸರಿಸಿ ಒಳಗೆ ನುಗ್ಗಿಬಿಟ್ಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಇಬ್ಬರ ನಡುವೆ ಒಂದು ಮಂಚ ಹಾಕುವಷ್ಟು ಜಾಗ. ಚೆಂಡು ಬೇರೆಯವನ ಕಡೆ ಹೋಯಿತು, ಜನರ ಕಣ್ಣೂ ಆ ಕಡೆಯೇ ಹೋಯಿತು. ಆದರೆ ನಾನು ಆ ರಾತ್ರಿ ನೋಡಿದ ಒಳ್ಳೆಯ ಆಟ ಅದೇ.

ಖೋ ಖೋ ಆಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಟ್ಟಿಸಿಕೊಂಡು ಬರುವವನಿಗಿಂತ ಜೋರಾಗಿ ಓಡಿ ತಪ್ಪಿಸಿಕೊಳ್ಳುವವರು ಕಡಿಮೆ. ಅವನ ಮೈ ಒಂದು ಕಡೆ ವಾಲಿದಾಗ ಇನ್ನೊಂದು ಕಡೆ ಜಾರಿಕೊಳ್ಳುವವರೇ ಜಾಸ್ತಿ.

ಎನ್‌ಎಫ್‌ಎಲ್‌ನಲ್ಲಿ ಮೊದಲ 5 ಯಾರ್ಡ್ ಒಳಗೆ ಕಾರ್ನರ್‌ಬ್ಯಾಕ್ ರಿಸೀವರ್‌ನ ಮೈಗೆ ಕೈ ಹಾಕಿ ತಡೆಯಬಹುದು. ಅದಾದ ಮೇಲೆ ತಡೆದರೆ ಫೌಲ್. ಹಾಗಾಗಿ ಆ 5 ಯಾರ್ಡ್ ದಾಟುವುದೇ ಒಂದು ಬೇರೆ ವಿದ್ಯೆ. ಡವಾಂಟೆ ಆಡಮ್ಸ್ ಇದರಲ್ಲಿ ಪಳಗಿದವರು. ಹೈಸ್ಕೂಲ್‌ನಲ್ಲಿ ಅವರು ಬ್ಯಾಸ್ಕೆಟ್‌ಬಾಲ್ ಆಟಗಾರ. ಅಲ್ಲಿ ಎದುರಿನವನನ್ನು ಯಾಮಾರಿಸುವ ಕಾಲಿನ ಆಟವನ್ನೇ ಇಲ್ಲಿಗೂ ತಂದರು. 2014ರ ಡ್ರಾಫ್ಟ್‌ನಲ್ಲಿ ಅವರು ಹೋದದ್ದು 53ನೆಯವರಾಗಿ. 2020ರಲ್ಲಿ 18 ಟಚ್‌ಡೌನ್ ಹಿಡಿದರು, ಅಂದರೆ ಅಷ್ಟು ಸಲ ಚೆಂಡನ್ನು ಎದುರು ತಂಡದ ಗೋಲಿನ ಗೆರೆ ದಾಟಿಸಿದರು.

ಬಿಡಿಸಿಕೊಳ್ಳುವುದರ ಇನ್ನರ್ಧ ಇರುವುದು ತಿರುವಿನಲ್ಲಿ. ಪೂರ್ತಿ ವೇಗದಲ್ಲಿ 15 ಯಾರ್ಡ್ ಓಡಿ, ಎರಡು ಮೂರು ಹೆಜ್ಜೆಯಲ್ಲಿ ನಿಂತು ಹಿಂದಕ್ಕೆ ತಿರುಗಬೇಕು. ನಿಲ್ಲುವ ಮುಂಚೆ ಎದೆ ಮೇಲೆದ್ದರೆ ಸಾಕು, ಕಾರ್ನರ್‌ಬ್ಯಾಕ್‌ಗೆ ಸುಳಿವು ಸಿಕ್ಕಿಬಿಡುತ್ತದೆ. ಒಳ್ಳೆಯ ರಿಸೀವರ್‌ನ ಭುಜ ಕೊನೆಯ ತನಕ ಮುಂದಕ್ಕೇ ಬಾಗಿರುತ್ತದೆ.

ಇಲ್ಲೊಂದು ತೊಂದರೆ ಇದೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ರೂಟ್ ಕಾಣುವುದಿಲ್ಲ. ಅದಕ್ಕೆ ನಾನು ಎರಡು ದಾರಿ ಹಿಡಿಯುತ್ತೇನೆ. ಒಂದು, ರೀಪ್ಲೇ ಬಂದಾಗ ಚೆಂಡು ಕೈಗೆ ತಾಕುವ ಕ್ಷಣದಲ್ಲಿ ಕಾವಲಿನವನು ಎಷ್ಟು ದೂರ ಇದ್ದಾನೆ ನೋಡುವುದು. ಇನ್ನೊಂದು, ಟಾರ್ಗೆಟ್ ಲೆಕ್ಕ. ಅಂದರೆ ಪಂದ್ಯದಲ್ಲಿ ಎಷ್ಟು ಸಲ ಅವನ ಕಡೆ ಚೆಂಡು ಎಸೆದರು ಅನ್ನುವುದು. ಖಾಲಿ ಜಾಗದಲ್ಲಿ ನಿಂತವನಿಗೇ ಕ್ವಾರ್ಟರ್‌ಬ್ಯಾಕ್ ಎಸೆಯುವುದು, ಅಲ್ವಾ? 2024ರಲ್ಲಿ ನ್ಯೂಯಾರ್ಕ್ ಜೈಂಟ್ಸ್ 17ರಲ್ಲಿ 3 ಪಂದ್ಯ ಮಾತ್ರ ಗೆದ್ದಿತು. ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಇದ್ದರು. ಆದರೂ ಹೊಸಬ ಮಲಿಕ್ ನೇಬರ್ಸ್ 109 ಕ್ಯಾಚ್ ಹಿಡಿದರು. ಇಂಥ ಲೆಕ್ಕ ಕಂಡರೆ ನಾನು ಎದ್ದು ಕೂರುತ್ತೇನೆ.

ಎರಡನೆಯದು: ಕೈ

ಕ್ರಿಕೆಟ್‌ನಲ್ಲಿ ಸ್ಲಿಪ್ ಫೀಲ್ಡರ್ ಚೆಂಡನ್ನು ಎದೆಗೆ ಅವುಚಿಕೊಳ್ಳುವುದಿಲ್ಲ, ಕೈ ಮುಂದೆ ಚಾಚಿ ಹಿಡಿಯುತ್ತಾನೆ. ಇಲ್ಲೂ ಹಾಗೆಯೇ. ಮೈಯಿಂದ ದೂರದಲ್ಲಿ ಬೆರಳಿನಿಂದ ಹಿಡಿಯುವವನನ್ನು ನಂಬಬಹುದು. ಎದೆಗೆ ತಾಗಿಸಿ ಹಿಡಿಯುವವನಿಗೆ ಚೆಂಡು ಪುಟಿದು ಹೋಗುವ ಭಯ ಇದ್ದೇ ಇರುತ್ತದೆ. ಕಾಲೇಜಿನ ವಿಡಿಯೋ ನೋಡುವಾಗ ಇದೊಂದನ್ನು ಮರೆಯದೆ ಗಮನಿಸಿ.

ಜೆರಿ ರೈಸ್ ಬೇಸಿಗೆಯಲ್ಲಿ ಗಾರೆ ಕೆಲಸದ ತಂದೆಗೆ ಸಹಾಯ ಮಾಡುತ್ತಾ, ಕೆಳಗಿನಿಂದ ಎಸೆದ ಇಟ್ಟಿಗೆ ಹಿಡಿದು ಕೈ ಪಳಗಿಸಿಕೊಂಡವರು. 1985ರಲ್ಲಿ ಅವರ ವೇಗದ ಬಗ್ಗೆ ಅನುಮಾನಗಳಿದ್ದವು. ಅವರಿಗಿಂತ ಮೊದಲು ಇಬ್ಬರು ರಿಸೀವರ್‌ಗಳನ್ನು ಆರಿಸಿದರು, ರೈಸ್ 16ನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಕೊನೆಗೆ 1,549 ಕ್ಯಾಚ್, ಅವುಗಳಿಂದ ಚೆಂಡನ್ನು ಮುಂದೆ ಒಯ್ದದ್ದು 22,895 ಯಾರ್ಡ್. ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರದ್ದು 17,492 ಯಾರ್ಡ್. ನಡುವಿನ ಅಂತರವೇ ಒಬ್ಬ ಒಳ್ಳೆಯ ಆಟಗಾರನ ಐದು ವರ್ಷದ ದುಡಿಮೆ.

ಹಾಗಂತ ಎರಡು ಮೂರು ಚೆಂಡು ಬಿಟ್ಟ ತಕ್ಷಣ ಹುಡುಗನನ್ನು ಕೈಬಿಡಬೇಡಿ. 2021ರ ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಜಮಾರ್ ಚೇಸ್ ಸುಲಭದ ಚೆಂಡುಗಳನ್ನೂ ಬಿಟ್ಟರು. ಕಾಲೇಜಿನ ಚೆಂಡಿಗೆ ಬಿಳಿ ಪಟ್ಟಿ ಇರುತ್ತದೆ, ಎನ್‌ಎಫ್‌ಎಲ್ ಚೆಂಡಿಗೆ ಇರುವುದಿಲ್ಲ, ಅದಕ್ಕೇ ಕಣ್ಣಿಗೆ ಹತ್ತುತ್ತಿಲ್ಲ ಅಂದರು. ಇದು ನೆಪ ಅಂತ ತುಂಬಾ ಜನ ಅಂದುಕೊಂಡರು. ಸೀಸನ್‌ನ ಮೊದಲ ಪಂದ್ಯದಲ್ಲೇ 101 ಯಾರ್ಡ್, ವರ್ಷದ ಕೊನೆಗೆ 1,455. ಬಿಡಿಸಿಕೊಳ್ಳುವ ಕಲೆ ಇದ್ದವನಿಗೆ ಮುಂದಿನ ಚೆಂಡು ಬಂದೇ ಬರುತ್ತದೆ. ಅದಕ್ಕೇ ನಾನು ಕೈಯನ್ನು ಎರಡನೆಯ ಸ್ಥಾನದಲ್ಲಿ ಇಟ್ಟಿದ್ದು.

ಓಟ, ಮೈಕಟ್ಟು, ಮಿಕ್ಕಿದ್ದು

ಓಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೇ ಅದರ ಬೆಲೆ ಜಾಸ್ತಿಯಾಗಿಬಿಡುತ್ತದೆ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷ ನಡೆಯುವ ಕಂಬೈನ್ ಪರೀಕ್ಷೆಯಲ್ಲಿ 40 ಯಾರ್ಡ್, ಅಂದರೆ ಸುಮಾರು 36.6 ಮೀಟರ್ ಓಡಿಸುತ್ತಾರೆ. 2017ರಲ್ಲಿ ಜಾನ್ ರಾಸ್ ಅದನ್ನು 4.22 ಸೆಕೆಂಡ್‌ನಲ್ಲಿ ಓಡಿ ಆಗಿನ ದಾಖಲೆ ಮಾಡಿದರು. ಸಿನ್ಸಿನಾಟಿ ಅವರನ್ನು 9ನೆಯವರಾಗಿ ಆರಿಸಿತು. ಗಾಯವೂ ಕಾಡಿತು, ಮೊದಲ ವರ್ಷ ಒಂದು ಕ್ಯಾಚ್ ಕೂಡ ಇಲ್ಲ. ಅದೇ ಡ್ರಾಫ್ಟ್‌ನಲ್ಲಿ 4.62 ಸೆಕೆಂಡ್ ಓಡಿದ ಕೂಪರ್ ಕಪ್ 69ನೆಯವರಾಗಿ ಹೋದರು. 2021ರ ಸೀಸನ್‌ನಲ್ಲಿ ಅವರು 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್ ಗಳಿಸಿ ಮೂರರಲ್ಲೂ ಲೀಗ್‌ಗೆ ಮೊದಲಿಗರಾದರು. ಲೀಗ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು.

ಕಂಬೈನ್‌ನಲ್ಲೇ ಇನ್ನೊಂದು ಪರೀಕ್ಷೆ ಇದೆ. ಮೂರು ಕೋನ್‌ಗಳನ್ನು ಮೂಲೆಮಟ್ಟದ ಆಕಾರದಲ್ಲಿ ಇಟ್ಟು ಸುತ್ತಿ ಬರಬೇಕು. ಅದರಲ್ಲಿ ಕಪ್ 6.75 ಸೆಕೆಂಡ್. 2019ರಲ್ಲಿ ಬಂದ ಡಿಕೆ ಮೆಟ್‌ಕಾಫ್ ನೇರ ಓಟದಲ್ಲಿ 4.33, ಈ ಸುತ್ತು ಓಟದಲ್ಲಿ 7.38. ನೇರ ಓಟದಲ್ಲಿ ಮೆಟ್‌ಕಾಫ್ ಎರಡೂವರೆ ಮೀಟರ್‌ನಷ್ಟು ಮುಂದೆ, ತಿರುವಿನಲ್ಲಿ ಅಷ್ಟೇ ಹಿಂದೆ. ಹಾಗಂತ ಮೆಟ್‌ಕಾಫ್ ಸೋಲಲಿಲ್ಲ. ಅವರದ್ದು 6 ಅಡಿ 3 ಇಂಚು ದಾಟಿದ ಎತ್ತರ, 103 ಕೆಜಿ ತೂಕ. ಸಿಯಾಟಲ್ ಅವರಿಂದ ಅಂಚಿನಲ್ಲಿ ಉದ್ದ ಓಟವನ್ನೇ ಜಾಸ್ತಿ ಓಡಿಸಿತು. 2020ರಲ್ಲಿ 1,303 ಯಾರ್ಡ್ ಬಂತು. ಬರುವುದನ್ನೇ ಮಾಡಿಸುವ ಕೋಚ್ ಸಿಕ್ಕರೆ ಒಂದು ಕೊರತೆಯನ್ನು ಮುಚ್ಚಬಹುದು. ನೀವು ಆರಿಸುವಾಗ ಆಟಗಾರನ ಜೊತೆ ಆ ಕೋಚ್‌ನನ್ನೂ ನೋಡಬೇಕು.

ಓಟದ ನಿಜವಾದ ಲಾಭ ಬೇರೆ ಕಡೆ ಇದೆ. ಓಡಬಲ್ಲವನು ಅಂತ ಹೆಸರಾದವನಿಗೆ ಕಾರ್ನರ್‌ಬ್ಯಾಕ್ ಭಯಪಟ್ಟು ದೂರ ನಿಲ್ಲುತ್ತಾನೆ. ಆಗ ಅವನಿಗೂ ಜಾಗ, ಪಕ್ಕದ ಆಟಗಾರರಿಗೂ ಜಾಗ. ಟೈರೀಕ್ ಹಿಲ್ ಮೈದಾನದಲ್ಲಿದ್ದಾಗ ಹಿಂದಿನ ಸಾಲಿನ ಕಾವಲುಗಾರರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿಯುವುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಹಿಲ್‌ಗೆ ತಿರುವೂ ಬರುತ್ತದೆ, ಕೈಯೂ ಇದೆ.

ಎತ್ತರದ ಲೆಕ್ಕ ಸುಲಭ. ಗೋಲಿನ ಹತ್ತಿರ ಜಾಗ ಕಡಿಮೆ, ಬಿಡಿಸಿಕೊಳ್ಳಲು ಆಗುವುದಿಲ್ಲ, ಚೆಂಡನ್ನು ಮೇಲಕ್ಕೆ ಎಸೆಯುತ್ತಾರೆ. ಅಲ್ಲಿ ಉದ್ದ ಕೈ ಬೇಕು. 6 ಅಡಿ 5 ಇಂಚಿನ ಕ್ಯಾಲ್ವಿನ್ ಜಾನ್ಸನ್ 2012ರಲ್ಲಿ 1,964 ಯಾರ್ಡ್ ಗಳಿಸಿದ್ದು ಇಂದಿಗೂ ಒಂದು ಸೀಸನ್‌ನ ದಾಖಲೆ.

ಇನ್ನು ಮಿದುಳು. ಎದುರು ತಂಡ ನಿಂತಿರುವ ರೀತಿ ನೋಡಿ ರೂಟ್ ಬದಲಿಸುವುದು, ಕ್ವಾರ್ಟರ್‌ಬ್ಯಾಕ್‌ಗೂ ಅದೇ ಹೊಳೆದಿರುತ್ತದೆ ಅನ್ನುವ ನಂಬಿಕೆ. ಇದು ಅಂಕಿ ಅಂಶದಲ್ಲಿ ಸಿಗುವುದಿಲ್ಲ. ಅಂಚಿನ ಗೆರೆಯ ಅರಿವು ಮಾತ್ರ ಕಣ್ಣಿಗೆ ಕಾಣುತ್ತದೆ. ಕಾಲೇಜಿನಲ್ಲಿ ಒಂದು ಕಾಲು ಒಳಗಿದ್ದರೆ ಕ್ಯಾಚ್, ಎನ್‌ಎಫ್‌ಎಲ್‌ನಲ್ಲಿ ಎರಡೂ ಕಾಲು ಒಳಗಿರಬೇಕು. ಕಾಲೇಜಿನಲ್ಲೇ ಎರಡೂ ಕಾಲು ಊರುವ ಅಭ್ಯಾಸ ಇದ್ದವನು ಮುಂದಿನದ್ದಕ್ಕೆ ಈಗಲೇ ತಯಾರಾಗಿದ್ದಾನೆ ಅಂತಲೇ ಅರ್ಥ.

ಬ್ಲಾಕ್ ಮಾಡುವುದು, ಅಂದರೆ ಚೆಂಡು ಬೇರೆಯವನ ಕೈಯಲ್ಲಿದ್ದಾಗ ಎದುರಿನವರನ್ನು ತಡೆಯುವುದು, ಫ್ಯಾಂಟಸಿ ಆಡುವವರಿಗೆ ಬೇಡ. ನಿಜವಾದ ಟೀಮಿಗೆ ಬೇಕೇ ಬೇಕು.

ನಾಲ್ಕು ತರಹದವರು

ಈಗ ಆಯ್ಕೆಗೆ ಬರೋಣ. ರಿಸೀವರ್‌ಗಳಲ್ಲಿ ನಾನು ಮುಖ್ಯವಾಗಿ ನಾಲ್ಕು ತರಹ ಕಾಣುತ್ತೇನೆ.

ಮೊದಲನೆಯವನು ಅಂಚಿನಲ್ಲಿ ಒಬ್ಬನೇ ನಿಲ್ಲುವ ಎತ್ತರದ ಆಟಗಾರ. ಇವನು ನಿಲ್ಲುವ ಜಾಗಕ್ಕೆ ಎಕ್ಸ್ ಅನ್ನುತ್ತಾರೆ. ಆಟ ಶುರುವಾಗುವ ಗೆರೆಯ ಮೇಲೆಯೇ ನಿಂತಿರುವುದರಿಂದ ಮೊದಲ 5 ಯಾರ್ಡ್‌ನ ಹೊಡೆತವೆಲ್ಲ ಇವನಿಗೇ. ಇಲ್ಲಿ ಗೆಲ್ಲುವವರು ಕಡಿಮೆ, ಅದಕ್ಕೇ ಬೆಲೆ ಜಾಸ್ತಿ. ಎತ್ತರ ಮಾತ್ರ ಇದ್ದು ಬಿಡಿಸಿಕೊಳ್ಳಲು ಬಾರದವನನ್ನು ಈ ಜಾಗಕ್ಕೆ ತಂದರೆ ಪ್ರತಿ ಚೆಂಡಿಗೂ ಕಿತ್ತಾಡಬೇಕಾಗುತ್ತದೆ. ಕಾಲೇಜಿನಲ್ಲಿ ಆ ಕಿತ್ತಾಟದಲ್ಲಿ ಗೆದ್ದವನು ಎನ್‌ಎಫ್‌ಎಲ್‌ನಲ್ಲೂ ಗೆಲ್ಲುತ್ತಾನೆ ಅಂತ ಏನೂ ಇಲ್ಲ. ಇಲ್ಲಿನ ಕಾರ್ನರ್‌ಬ್ಯಾಕ್‌ಗಳೂ ಅಷ್ಟೇ ಗಟ್ಟಿ ಕುಳಗಳು.

ಎರಡನೆಯವನು ಓಟಗಾರ. ಒಂದು ವಾರ ಎರಡು ಟಚ್‌ಡೌನ್, ಮುಂದಿನ ಎರಡು ವಾರ ಸುಮ್ನೆ ಓಡಾಟ. ಟೀಮಿಗೆ ಇವನಿಂದ ಉಪಕಾರ ಉಂಟು, ನಾನಾಗಲೇ ಹೇಳಿದ ಹಾಗೆ ಬೇರೆಯವರಿಗೆ ಜಾಗ ಮಾಡಿಕೊಡುತ್ತಾನೆ. ಆದರೆ ದೂರ ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಇವನ ಓಟ ಮಣ್ಣುಪಾಲು.

ಮೂರನೆಯವನು ಸ್ಲಾಟ್ ಆಟಗಾರ. ಗೆರೆಯಿಂದ ಸ್ವಲ್ಪ ಹಿಂದೆ, ಒಳಗಡೆ ನಿಲ್ಲುತ್ತಾನೆ. ಎಡಕ್ಕೂ ಬಲಕ್ಕೂ ಜಾಗ ಇರುವುದರಿಂದ ಇವನನ್ನು ಕೈ ಹಾಕಿ ತಡೆಯುವುದು ಕಷ್ಟ. ಚುರುಕು ತಿರುವು, ನಂಬಿಕೆಯ ಕೈ ಇದ್ದರೆ ಸಾಕು. 7ನೇ ಸುತ್ತಿನಲ್ಲಿ 232ನೆಯವರಾಗಿ ಬಂದ ಜೂಲಿಯನ್ ಎಡೆಲ್‌ಮನ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್. ಆಮೇಲೆ ಇದೇ ಜಾಗದಲ್ಲಿ ಆಡಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಆದರು. ಕಡಿಮೆ ದುಡ್ಡಿಗೆ ಒಳ್ಳೆಯ ಸರಕು ಸಿಗುವುದು ಇಲ್ಲೇ. ಆದರೆ ಒಂದು ಎಚ್ಚರಿಕೆ. ಸ್ಲಾಟ್‌ನಲ್ಲಿ ಆಡಿದವನು ಅಂಚಿನಲ್ಲಿ ಆಡಲಾರ ಅಂತ ತೀರ್ಮಾನಿಸಬೇಡಿ. ಜಸ್ಟಿನ್ ಜೆಫರ್‌ಸನ್ 2019ರಲ್ಲಿ ಕಾಲೇಜಿನಲ್ಲಿ ಹೆಚ್ಚಾಗಿ ಸ್ಲಾಟ್‌ನಲ್ಲೇ ಆಡಿ 111 ಕ್ಯಾಚ್ ಹಿಡಿದಿದ್ದರು. 2020ರಲ್ಲಿ ಫಿಲಡೆಲ್ಫಿಯಾ 21ನೆಯ ಆಯ್ಕೆಯಲ್ಲಿ ಅವರನ್ನು ಬಿಟ್ಟು ಜೇಲನ್ ರೇಗರ್ ಅವರನ್ನು ತೆಗೆದುಕೊಂಡಿತು. ಮರುಕ್ಷಣ 22ನೆಯವರಾಗಿ ಜೆಫರ್‌ಸನ್ ಮಿನೆಸೋಟ ಸೇರಿದರು. ಮೊದಲ ವರ್ಷವೇ 1,400 ಯಾರ್ಡ್, 2022ರಲ್ಲಿ 1,809. ಅಂಚಿನಲ್ಲೂ ಸೈ, ಒಳಗೂ ಸೈ.

ನಾಲ್ಕನೆಯವನು ಚೆಂಡು ಕೈಗೆ ಬಂದ ಮೇಲೆ ಶುರುವಾಗುವ ಆಟಗಾರ. ಹತ್ತಿರದ ಚೆಂಡು ಹಿಡಿದು ಇಬ್ಬರನ್ನು ಕೊಡವಿಕೊಂಡು ಓಡುವವನು. 2021ರ ಡೀಬೊ ಸ್ಯಾಮ್ಯುಯೆಲ್ 77 ಕ್ಯಾಚ್‌ಗೆ 1,405 ಯಾರ್ಡ್ ಗಳಿಸಿದ್ದಲ್ಲದೆ, ಚೆಂಡು ಹೊತ್ತು ಓಡಿಯೇ 8 ಟಚ್‌ಡೌನ್ ಮಾಡಿದರು. ಎಳೆಯ ಕ್ವಾರ್ಟರ್‌ಬ್ಯಾಕ್ ಇರುವ ತಂಡಕ್ಕೆ ಇಂಥವನು ವರ. ಆದರೆ ಮೈಗೆ ಬೀಳುವ ಹೊಡೆತವೂ ಜಾಸ್ತಿ, ಗಾಯದ ಲೆಕ್ಕ ಇಟ್ಟುಕೊಂಡೇ ಆರಿಸಬೇಕು.

ದುಡ್ಡಿನ ಮಾತು

ಎನ್‌ಎಫ್‌ಎಲ್‌ನಲ್ಲಿ ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ. ಜೆಫರ್‌ಸನ್ 2024ರಲ್ಲಿ 4 ವರ್ಷಕ್ಕೆ 14 ಕೋಟಿ ಡಾಲರ್, ಚೇಸ್ 2025ರಲ್ಲಿ 4 ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅಷ್ಟು ಕೊಟ್ಟರೆ ಬೇರೆ ಜಾಗದಲ್ಲಿ ಕೈ ಬಿಗಿ ಹಿಡಿಯಬೇಕು. ಡ್ರಾಫ್ಟ್‌ನಲ್ಲಿ ಬಂದ ಹೊಸಬನಾದರೆ ನಾಲ್ಕು ವರ್ಷ ಕಡಿಮೆ ಸಂಬಳ. ಹಾಗಾದರೆ ಹೆಸರಾದವನನ್ನು ಮಾರಿ ಹೊಸಬನನ್ನು ತರುವುದೇ ಜಾಣತನವೇ?

ಎರಡು ಉದಾಹರಣೆ ಅಕ್ಕಪಕ್ಕ ಇಡುತ್ತೇನೆ. 2020ರಲ್ಲಿ ಮಿನೆಸೋಟ ಸ್ಟೆಫಾನ್ ಡಿಗ್ಸ್ ಅವರನ್ನು ಬಫಲೊಗೆ ಕೊಟ್ಟು ಪಡೆದದ್ದೇ ಆ 22ನೆಯ ಆಯ್ಕೆ. ಅದರಲ್ಲೇ ಜೆಫರ್‌ಸನ್ ಬಂದರು. ಬಫಲೊಗೂ ನಷ್ಟವಾಗಲಿಲ್ಲ, ಡಿಗ್ಸ್ ಆ ವರ್ಷ 1,535 ಯಾರ್ಡ್ ಗಳಿಸಿದರು. 2022ರಲ್ಲಿ ಟೆನೆಸ್ಸಿ ಇದೇ ದಾರಿ ಹಿಡಿಯಿತು. ಎಜೆ ಬ್ರೌನ್ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟು 18ನೆಯ ಆಯ್ಕೆಯಲ್ಲಿ ಟ್ರೇಲನ್ ಬರ್ಕ್ಸ್ ಅವರನ್ನು ತಂದಿತು. ಆ ವರ್ಷ ಬ್ರೌನ್ 1,496 ಯಾರ್ಡ್, ಬರ್ಕ್ಸ್ 444. ಒಂದೇ ಲೆಕ್ಕಾಚಾರ, ಎರಡು ಫಲ. ಹಿಲ್ ಅವರನ್ನು 2022ರಲ್ಲಿ ಮಯಾಮಿಗೆ ಕಳಿಸಿದ ಕಾನ್ಸಾಸ್ ಸಿಟಿ ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು, ಆದರೆ ಅವರ ಬಳಿ ಪ್ಯಾಟ್ರಿಕ್ ಮಹೋಮ್ಸ್ ಇದ್ದರು. ಕ್ವಾರ್ಟರ್‌ಬ್ಯಾಕ್ ಗಟ್ಟಿ ಇದ್ದರೆ ರಿಸೀವರ್ ಮೇಲೆ ಉಳಿಸಬಹುದು. ಕ್ವಾರ್ಟರ್‌ಬ್ಯಾಕ್ ಇನ್ನೂ ಕಲಿಯುತ್ತಿದ್ದರೆ ಹೆಸರಾದ ರಿಸೀವರ್‌ನನ್ನು ಮಾರುವುದು ನನಗೆ ಸರಿ ಕಾಣುವುದಿಲ್ಲ.

ನೀವು ಯಾರನ್ನು ಆರಿಸಬೇಕು

ಫ್ಯಾಂಟಸಿ ಆಡುವವರು ಮೊದಲು ನಿಮ್ಮ ಲೀಗ್‌ನ ನಿಯಮ ತೆಗೆದು ನೋಡಿ. ಪ್ರತಿ ಕ್ಯಾಚ್‌ಗೆ 1 ಪಾಯಿಂಟ್ ಕೊಡುತ್ತಾರಾ ಇಲ್ವಾ? 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ 6 ಪಾಯಿಂಟ್ ಅಂತ ಇಟ್ಟುಕೊಳ್ಳಿ. ಸ್ಲಾಟ್ ಆಟಗಾರ 8 ಕ್ಯಾಚ್‌ಗೆ 70 ಯಾರ್ಡ್ ಮಾಡಿದ ಅನ್ನಿ. ಕ್ಯಾಚ್‌ಗೆ ಪಾಯಿಂಟ್ ಇದ್ದರೆ 15, ಇಲ್ಲದಿದ್ದರೆ 7. ಓಟಗಾರ 3 ಕ್ಯಾಚ್‌ಗೆ 90 ಯಾರ್ಡ್, ಒಂದು ಟಚ್‌ಡೌನ್ ಮಾಡಿದರೆ ಒಂದರಲ್ಲಿ 18, ಇನ್ನೊಂದರಲ್ಲಿ 15. ಓಟಗಾರನಿಗೆ ಆ ಟಚ್‌ಡೌನ್ ಸಿಗದ ವಾರಗಳೇ ಜಾಸ್ತಿ. ಆಗ ಅವನಿಗೆ 12 ಮತ್ತು 9. ಹಾಗಾಗಿ ಕ್ಯಾಚ್‌ಗೆ ಪಾಯಿಂಟ್ ಇರುವ ಲೀಗ್‌ನಲ್ಲಿ ಟಾರ್ಗೆಟ್ ಜಾಸ್ತಿ ಬರುವವನನ್ನೇ ಮೊದಲು ತೆಗೆದುಕೊಳ್ಳಿ, ಓಟಗಾರನನ್ನು ಕೊನೆಯ ಸುತ್ತುಗಳಿಗೆ ಬಿಡಿ. ಕ್ಯಾಚ್‌ಗೆ ಪಾಯಿಂಟ್ ಇಲ್ಲದಿದ್ದರೆ ಗೋಲಿನ ಹತ್ತಿರ ಯಾರಿಗೆ ಎಸೆಯುತ್ತಾರೆ ಅನ್ನುವುದು ಮುಖ್ಯ. ಆಗ ಎತ್ತರದವನಿಗೆ ಬೆಲೆ.

ಡ್ರಾಫ್ಟ್ ನೋಡುವವರು ಆಯ್ಕೆಯ ಸಂಖ್ಯೆ ನೋಡಿ ಮರುಳಾಗಬೇಡಿ. 2024ರಲ್ಲಿ ಮೊದಲ ಒಂಬತ್ತರೊಳಗೆ ಮೂವರು ರಿಸೀವರ್‌ಗಳು ಹೋದರು: ಮಾರ್ವಿನ್ ಹ್ಯಾರಿಸನ್ ಜೂನಿಯರ್, ನೇಬರ್ಸ್, ರೋಮ್ ಒಡುನ್ಜೆ. ಆ ವರ್ಷ ಮೂವರಿಗಿಂತಲೂ ಹೆಚ್ಚು ಯಾರ್ಡ್ ಗಳಿಸಿದ್ದು 23ನೆಯವರಾಗಿ ಹೋದ ಬ್ರಯಾನ್ ಥಾಮಸ್ ಜೂನಿಯರ್, 1,282. 34ನೆಯ ಲ್ಯಾಡ್ ಮೆಕಾಂಕಿ 1,149 ಗಳಿಸಿದರು. 2023ರಲ್ಲಿ 5ನೇ ಸುತ್ತಿನಲ್ಲಿ ಬಂದ ಪುಕಾ ನಕುವಾ ಮೊದಲ ವರ್ಷವೇ 105 ಕ್ಯಾಚ್, 1,486 ಯಾರ್ಡ್ ಮಾಡಿ ಆಗ ಹೊಸಬರ ದಾಖಲೆ ಎರಡನ್ನೂ ಬರೆದರು. ನಿಮ್ಮ ಟೀಮ್ ಆರಿಸಿದ ಹುಡುಗನ ಕಾಲೇಜ್ ವಿಡಿಯೋ ಹಾಕಿ, ಟಚ್‌ಡೌನ್‌ಗಳನ್ನು ಬಿಟ್ಟು ಅವನ ಕಡೆ ಚೆಂಡು ಬರದ ಆಟಗಳನ್ನು ನೋಡಿ. ಅಲ್ಲಿ ಅವನು ಮನಸ್ಸಿಟ್ಟು ರೂಟ್ ಓಡುತ್ತಾನೋ, ಕೈಕಟ್ಟಿ ನಡೆಯುತ್ತಾನೋ?

ಇನ್ನು ಮಕ್ಕಳ ಮಾತು. ಫ್ಲಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಹೆಣ್ಣುಮಕ್ಕಳಲ್ಲೂ ಹುರುಪು ಹೆಚ್ಚಿದೆ. ಈ ಆಟದಲ್ಲಿ ಮೈಗೆ ಮೈ ತಾಗಿಸುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು. ಮೈದಾನವೂ ಚಿಕ್ಕದು. ಹಾಗಾಗಿ ಎತ್ತರ, ತೂಕ ಎರಡನ್ನೂ ಮರೆತುಬಿಡಿ. ಮಗಳಿಗೆ ಮೊದಲು ತಿರುವು ಹೇಳಿಕೊಡಿ. ಹಿತ್ತಲಿನಲ್ಲಿ ಐದು ಹೆಜ್ಜೆಗೊಂದು ಚಪ್ಪಲಿ ಇಡಿ. ಚಪ್ಪಲಿಯ ತನಕ ಪೂರ್ತಿ ಓಟ, ಅಲ್ಲಿ ಎದೆ ಎತ್ತದೆ ನಿಂತು, ತಿರುಗಿದ ಕೂಡಲೇ ಕೈ ಮುಂದೆ. ನೀವು ಚೆಂಡನ್ನು ಅವಳು ತಿರುಗುವ ಮುಂಚೆಯೇ ಎಸೆಯಿರಿ. ಮೊದಲ ದಿನ ಹತ್ತರಲ್ಲಿ ಎಂಟು ನೆಲಕ್ಕೆ ಬೀಳುತ್ತವೆ. ಬೀಳಲಿ, ನಾಳೆ ಮತ್ತೆ ಹತ್ತು ಎಸೆಯಿರಿ.